ವಾಗ್ದಾನದ ಕಾರ್ಡಿನ ಹಿಂದೊಂದು ಪತ್ರ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಅನೇಕ ಕ್ರೈಸ್ತ ಸಭೆಗಳಲ್ಲಿ ತಟ್ಟೆಯೊಂದು ಸಾಲಿನಿಂದ ಸಾಲಿಗೆ ದಾಟುತ್ತ ಬರುತ್ತದೆ. ಅದರ ತುಂಬ ಮಗುಚಿ ಹಾಕಿದ ಪುಟ್ಟ ಕಾರ್ಡುಗಳು. ನೋಡದೆ ಒಂದನ್ನು ಎತ್ತಿಕೊಳ್ಳಬೇಕು. ತಿರುಗಿಸಿದರೆ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ. ಅದೇ ಹೊಸ ವರ್ಷಕ್ಕೆ ನಿಮ್ಮ ಪಾಲಿನ ವಾಗ್ದಾನ. ಪಕ್ಕದವರಿಗೆ ಏನು ಬಂತು ಎಂದು ಇಣುಕುವುದೂ ಉಂಟು. ‘ನಿಮಗೆ ಒಳ್ಳೆಯದೇ ಬಂದಿದೆ’ ಎಂದು ಸಣ್ಣಗೆ ಹೊಟ್ಟೆಕಿಚ್ಚು ಪಡುವವರನ್ನೂ ನೋಡಿದ್ದೇನೆ.

ಆ ತಟ್ಟೆಯಲ್ಲಿ ತಪ್ಪದೆ ಇರುವ ವಚನ ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ನಿಮ್ಮ ಬಗ್ಗೆ ನಾನು ಮಾಡಿಕೊಂಡಿರುವ ಆಲೋಚನೆಗಳನ್ನು ನಾನೇ ಬಲ್ಲೆ, ಅವು ಕೇಡಿನವಲ್ಲ, ಹಿತದವು. ನಿಮಗೆ ಮುಂದೊಂದು ಗತಿಯೂ ನಿರೀಕ್ಷೆಯೂ ಇರಲೆಂದು ಮಾಡಿದವು ಎಂದು ದೇವರು ಹೇಳುವುದು ಅದರ ತಾತ್ಪರ್ಯ. ಪರೀಕ್ಷೆಗೆ ಹೊರಟ ಮಗನಿಗೆ, ಕೆಲಸ ಕಳೆದುಕೊಂಡ ಅಳಿಯನಿಗೆ, ಸ್ಕ್ಯಾನಿಂಗ್ ವರದಿಗೆ ಕಾಯುತ್ತ ಕುಳಿತ ಅಕ್ಕನಿಗೆ, ಎಲ್ಲರಿಗೂ ಇದನ್ನೇ ಕಳುಹಿಸುತ್ತೇವೆ. ಕಳುಹಿಸಬಾರದು ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಆದರೆ ಇದು ಕಾರ್ಡಿಗಾಗಿ ಹುಟ್ಟಿದ ವಾಕ್ಯವಲ್ಲ, ಒಂದು ಪತ್ರದ ನಡುವಿನ ಸಾಲು. ಆ ಪತ್ರವನ್ನು ಮೊದಲಿನಿಂದ ಓದಿದವರಿಗೆ ಈ ಸಾಲು ಬೇರೆಯೇ ದನಿಯಲ್ಲಿ ಕೇಳಿಸುತ್ತದೆ.

ಪತ್ರದ ಹಿನ್ನೆಲೆ ಹೀಗಿದೆ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆಹೂದ ರಾಜ್ಯದ ರಾಜಧಾನಿ ಯೆರೂಸಲೇಮನ್ನು ಹಿಡಿದ. ಈ ಘಟನೆ ಬೈಬಲಿನಲ್ಲಿ ಮಾತ್ರವಲ್ಲ, ಬಾಬೆಲಿನವರ ವಾರ್ಷಿಕ ದಾಖಲೆಯ ಜೇಡಿಮಣ್ಣಿನ ಫಲಕದಲ್ಲೂ ದಿನಾಂಕ ಸಮೇತ ಇದೆ; ಫಲಕ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯುವಕ ಅರಸ ಯೆಕೊನ್ಯ, ಅವನ ತಾಯಿ, ಸರದಾರರು, ಕಮ್ಮಾರರು, ಕುಶಲಕರ್ಮಿಗಳು ಹೀಗೆ ಊರಿಗೆ ಬೇಕಾದವರನ್ನೆಲ್ಲ ಆರಿಸಿ ಸೆರೆ ಒಯ್ದರು. ಅರಸುಗಳ ಎರಡನೆಯ ಗ್ರಂಥ ಹತ್ತು ಸಾವಿರ ಮಂದಿ ಎನ್ನುತ್ತದೆ. ಯೆರೂಸಲೇಮಿನಲ್ಲಿ ಚಿದ್ಕೀಯನೆಂಬವನನ್ನು ಅಧೀನ ಅರಸನಾಗಿ ಕೂರಿಸಿದರು. ಪ್ರವಾದಿ ಯೆರೆಮೀಯ ಊರಿನಲ್ಲೇ ಉಳಿದ. ಚಿದ್ಕೀಯನ ಇಬ್ಬರು ರಾಯಭಾರಿಗಳು ಬಾಬೆಲಿಗೆ ಹೊರಟಾಗ ಅವರ ಕೈಯಲ್ಲಿ ಸೆರೆಯಾದವರಿಗೊಂದು ಪತ್ರ ಕೊಟ್ಟು ಕಳುಹಿಸಿದ. ಮುಂದೆ ಎಜ್ರನೆಂಬ ಶಾಸ್ತ್ರಿ ಬಾಬೆಲಿನಿಂದ ಯೆರೂಸಲೇಮಿಗೆ ಬಂದಾಗ ನಾಲ್ಕು ತಿಂಗಳು ಹಿಡಿಯಿತು ಎಂದು ಅವನ ಗ್ರಂಥವೇ ಲೆಕ್ಕ ಕೊಡುತ್ತದೆ. ಅಷ್ಟು ದೂರದ ಅಂಚೆ.

ಆ ದಿನಗಳಲ್ಲಿ ಊರಿನಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿತ್ತು. ಪತ್ರಕ್ಕಿಂತ ಒಂದು ಅಧ್ಯಾಯ ಹಿಂದೆ, 28ರಲ್ಲಿ, ಗಿಬ್ಯೋನಿನ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನು ಎರಡೇ ವರ್ಷ, ಲೂಟಿಯಾದ ಪಾತ್ರೆಗಳೂ ಅರಸ ಯೆಕೊನ್ಯನೂ ಸೆರೆಯಾದವರೆಲ್ಲರೂ ವಾಪಸು ಬರುತ್ತಾರೆ ಎಂದು ದೇವರ ಹೆಸರಿನಲ್ಲೇ ಘೋಷಿಸುತ್ತಾನೆ. ಬಾಬೆಲಿಗೆ ಮಣಿಯಿರಿ ಎಂಬುದರ ಗುರುತಾಗಿ ಯೆರೆಮೀಯ ಕೊರಳಿಗೆ ಮರದ ನೊಗ ಹೂಡಿಕೊಂಡು ತಿರುಗುತ್ತಿದ್ದ. ಹನನ್ಯ ಅದನ್ನು ಕಿತ್ತು ಮುರಿದೇಬಿಟ್ಟ. ಯೆರೆಮೀಯ ಕೂಡಲೇ ವಾದಕ್ಕೆ ಇಳಿಯುವುದಿಲ್ಲ ಎಂಬುದು ನನಗೆ ಬಹಳ ಇಷ್ಟ. ಹನನ್ಯನ ಘೋಷಣೆ ಕೇಳಿದಾಗ ‘ಆಮೆನ್, ನೀನು ಹೇಳಿದಂತೆಯೇ ಆಗಲಿ’ ಎನ್ನುತ್ತಾನೆ. ಸುಳ್ಳೆಂದು ಗೊತ್ತಿದ್ದರೂ ಅದು ನಿಜವಾಗಲಿ ಎಂಬ ಆಸೆ ಅವನಿಗೂ ಇತ್ತು. ನೊಗ ಮುರಿದ ಮೇಲೆ ಸುಮ್ಮನೆ ಹೊರಟುಹೋಗುತ್ತಾನೆ. ಅವನಿಗೆ ಮರುಮಾತು ಸಿಗುವುದು ಆಮೇಲೆ: ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ್ದು ಬರುತ್ತದೆ.

‘ಇನ್ನೆರಡು ವರ್ಷ’ ಎಂಬ ಮಾತು ನಮಗೂ ಹೊಸದಲ್ಲ. ಕರಾವಳಿಯಿಂದ ಗಲ್ಫಿಗೆ ಹೋದವರ ಮನೆಗಳಲ್ಲಿ ಅದನ್ನು ಕೇಳುತ್ತಲೇ ಒಂದು ತಲೆಮಾರು ಬೆಳೆದಿದೆ.

ಈಗ ಪತ್ರಕ್ಕೆ ಬನ್ನಿ. ಸೆರೆಯಲ್ಲಿರುವವರು ಕಾಯುತ್ತಿದ್ದದ್ದು ಬಿಡುಗಡೆಯ ತಾರೀಖಿಗೆ. ಪತ್ರ ಶುರುವಾಗುವುದು ಮನೆ ಕಟ್ಟಿಕೊಳ್ಳಿರಿ ಎಂಬಲ್ಲಿಂದ. ಮನೆ ಕಟ್ಟಿ ವಾಸಮಾಡಿ, ತೋಟ ಹಾಕಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಾಣಿ. ಸಾಮಾನು ಕಟ್ಟಿಟ್ಟು ಬಾಗಿಲಲ್ಲಿ ಕುಳಿತವನಿಗೆ ಇದು ತಣ್ಣೀರು ಎರಚಿದ ಹಾಗೆ. ತೋಟ ಫಲ ಕೊಡಲು ವರ್ಷಗಳು ಬೇಕು. ಮೊಮ್ಮಕ್ಕಳಿಗಂತೂ ಇನ್ನೂ ಹೆಚ್ಚು. ಏಳನೆಯ ವಚನ ಇದಕ್ಕಿಂತ ಕಷ್ಟದ್ದು: ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮವನ್ನೇ ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ತಮ್ಮ ಊರನ್ನು ಸೂರೆ ಮಾಡಿದವರ ಊರಿಗಾಗಿ ಪ್ರಾರ್ಥನೆ!

ಹತ್ತನೆಯ ವಚನದಲ್ಲಿ ಗಡುವು ಬರುತ್ತದೆ. ಎರಡು ವರ್ಷವಲ್ಲ, ಎಪ್ಪತ್ತು ವರ್ಷ. ಸತ್ಯವೇದದ ಹಾಡುಗಳ ಗ್ರಂಥವಾದ ಕೀರ್ತನೆಗಳಲ್ಲಿ ತೊಂಬತ್ತನೆಯದು ಮನುಷ್ಯನ ಆಯುಷ್ಯವನ್ನೇ ಎಪ್ಪತ್ತು ಎಂದು ಲೆಕ್ಕ ಹಾಕುತ್ತದೆ. ಅಂದರೆ ಪತ್ರವನ್ನು ಗಟ್ಟಿಯಾಗಿ ಓದಿಸಿ ಕೇಳಿದ ಹಿರಿಯರಲ್ಲಿ ಹೆಚ್ಚುಕಡಿಮೆ ಯಾರೂ ಊರಿನ ಮುಖ ಮತ್ತೆ ಕಾಣುವುದಿಲ್ಲ. ಇಷ್ಟು ಹೇಳಿದ ಮೇಲೆ, ಇದರ ಬೆನ್ನಿಗೇ, ಹನ್ನೊಂದನೆಯ ವಚನ ಬರುತ್ತದೆ. ಕಾರ್ಡಿನವರು ಹತ್ತನ್ನು ಬಿಟ್ಟು ಹನ್ನೊಂದನ್ನಷ್ಟೇ ಅಚ್ಚು ಹಾಕಿದರು.

ಹೀಬ್ರೂ ಮೂಲದಲ್ಲಿ ಏಳನೆಯ ವಚನದ ‘ಕ್ಷೇಮ’ಕ್ಕೂ ಹನ್ನೊಂದನೆಯ ವಚನದ ‘ಹಿತ’ಕ್ಕೂ ಒಂದೇ ಪದ: ಶಾಲೋಮ್. ಏಳರಲ್ಲಿ ಅದು ಮೂರು ಸಲ ಬರುತ್ತದೆ. ಅನುವಾದದಲ್ಲಿ ಒಂದು ಕಡೆ ಕ್ಷೇಮ, ಇನ್ನೊಂದು ಕಡೆ ಹಿತ ಎಂದಾದಾಗ ನಂಟು ಕಡಿದುಹೋಗುತ್ತದೆ. ದೇವರು ನಿಮಗಾಗಿ ಯೋಚಿಸಿರುವ ಶಾಲೋಮ್ ಆ ಪರಕೀಯ ಪಟ್ಟಣದ ಶಾಲೋಮಿನ ಜೊತೆಗೇ ಹೆಣೆದುಕೊಂಡಿದೆ ಎಂಬುದು ಪತ್ರದ ವಾದ. ನನ್ನ ಭವಿಷ್ಯ, ನನ್ನ ಕೆಲಸ, ನನ್ನ ಮದುವೆ ಎಂದು ಅದನ್ನು ಕತ್ತರಿಸಿಟ್ಟುಕೊಂಡರೆ ಪತ್ರಕ್ಕೆ ಮೋಸ ಮಾಡಿದಂತೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಒಬ್ಬನಿಗೂ ಹತ್ತು ಮಂದಿಗೂ ಒಂದೇ ಸರ್ವನಾಮ. ಅದರಲ್ಲಿ ಓದುವವರು ಈ ವಚನ ತಮಗೊಬ್ಬರಿಗೇ ಹೇಳಿದ್ದೆಂದು ಭಾವಿಸುವುದು ಸಹಜ. ಕನ್ನಡ ಸತ್ಯವೇದದಲ್ಲಿ ಒಬ್ಬನನ್ನು ಕರೆಯುವಾಗ ‘ನೀನು’, ಹಲವರನ್ನು ಕರೆಯುವಾಗ ‘ನೀವು’. ದೇವರನ್ನೂ ‘ನೀನು’ ಎಂದೇ ಕರೆಯುತ್ತೇವೆ. ಹಾಗಾಗಿ ಇಲ್ಲಿನ ‘ನಿಮಗೆ’ ಗೌರವದ ಬಹುವಚನವಲ್ಲ, ನಿಜವಾದ ಬಹುವಚನ. ದೇವರು ಯಾರಿಗೂ ಮರ್ಯಾದೆಗಾಗಿ ‘ನೀವು’ ಎನ್ನುತ್ತಿಲ್ಲ. ಒಂದಿಡೀ ಸಮುದಾಯದ ಜೊತೆ ಮಾತಾಡುತ್ತಿದ್ದಾನೆ. ಅಜ್ಜನಿಗೆ ಹೇಳಿದ ಮಾತು ಮೊಮ್ಮಗನಲ್ಲಿ ನಡೆದರೂ ಅದು ನಡೆದಂತೆಯೇ.

ಮುಂದೇನಾಯಿತು ಎಂಬುದಕ್ಕೆ ಮಣ್ಣೇ ಸಾಕ್ಷಿ ಹೇಳುತ್ತದೆ. ಜರ್ಮನ್ ಉತ್ಖನನಕಾರ ರಾಬರ್ಟ್ ಕೋಲ್ಡೆವೈ 1899ರಿಂದ ಬಾಬೆಲಿನಲ್ಲಿ ಅಗೆದಾಗ ಸಿಕ್ಕ ಫಲಕಗಳಲ್ಲಿ ಅರಮನೆಯ ಉಗ್ರಾಣದ ಪಡಿ ಲೆಕ್ಕವಿತ್ತು. 1939ರಲ್ಲಿ ಅವು ಪ್ರಕಟವಾದಾಗ ಅಲ್ಲಿ ಯೆಹೂದದ ಅರಸ ಯೆಕೊನ್ಯನ ಹೆಸರೂ ಅವನ ಐದು ಮಕ್ಕಳ ಉಲ್ಲೇಖವೂ ಇದ್ದವು. ಅವರಿಗೆ ಇಷ್ಟಿಷ್ಟು ಎಣ್ಣೆ. ಒಂದು ಫಲಕ ಕ್ರಿ.ಪೂ. 592ರದು. ಹನನ್ಯ ಎರಡು ವರ್ಷದ ಮಾತಾಡಿದ್ದು ಸುಮಾರು 594ರಲ್ಲಿ. ಅವನ ಗಡುವು ತೀರುವ ಹೊತ್ತಿಗೆ ಅರಸ ಬಾಬೆಲಿನಲ್ಲೇ ಎಣ್ಣೆಯ ಪಡಿ ಎಣಿಸಿಕೊಳ್ಳುತ್ತಿದ್ದ. 2014ರಲ್ಲಿ ಇನ್ನೂ ಸುಮಾರು ನೂರು ಫಲಕಗಳು ಪ್ರಕಟವಾದವು. ಅವು ಬಾಬೆಲ್ ಸೀಮೆಯ ‘ಯಾಹೂದು’ ಎಂಬ ಹಳ್ಳಿ ಮತ್ತು ಅದರ ಸುತ್ತಲಿನವು. ಹಳ್ಳಿಯ ಹೆಸರೇ ಯೆಹೂದದ್ದು. ಬಾರ್ಲಿ, ಖರ್ಜೂರ, ಗೇಣಿ, ಸಾಲ, ತೆರಿಗೆ. ತಮ್ಮ ದೇವರಾದ ಯೆಹೋವನ ಹೆಸರನ್ನು ತಮ್ಮ ಹೆಸರಿನೊಳಗೆ ಇಟ್ಟುಕೊಂಡ ಜನ ಅಲ್ಲಿ ಉಳುತ್ತಿದ್ದಾರೆ, ಬೆಳೆಯುತ್ತಿದ್ದಾರೆ. ಮನೆ ಕಟ್ಟಿ, ತೋಟ ಹಾಕಿ ಎಂಬ ಮಾತು ನಡೆದಿತ್ತು.

ಇಷ್ಟೆಲ್ಲ ಗೊತ್ತಾದ ಮೇಲೆ ಹನ್ನೊಂದನೆಯ ವಚನ ನನಗೆ ಚಿಕ್ಕದಾಗಲಿಲ್ಲ. ಇನ್ನೇನು ಕಷ್ಟ ಮುಗಿಯಿತು ಎಂದು ಅದು ಹೇಳುತ್ತಿಲ್ಲ. ಮುಗಿಯದ ಕಷ್ಟದ ನಡುವೆಯೂ ಈ ಕಥೆಯ ಎಳೆ ನನ್ನ ಕೈಯಲ್ಲಿದೆ ಎನ್ನುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರಿಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕ ಮಾತು.

ಕಾರ್ಡಿನ ಓದು ಎಲ್ಲಿ ನೋಯಿಸುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡದ್ದು 2021ರ ಮೇ ತಿಂಗಳಲ್ಲಿ. ಆಗ ಎಲ್ಲರ ಮೊಬೈಲಿನಲ್ಲೂ ತೊಂಬತ್ತೊಂದನೆಯ ಕೀರ್ತನೆ. ಕತ್ತಲಲ್ಲಿ ಸಂಚರಿಸುವ ವ್ಯಾಧಿಗೆ ನೀನು ಹೆದರಬೇಕಾಗಿಲ್ಲ, ಯಾವ ಕೇಡೂ ನಿನ್ನ ಗುಡಾರದ ಬಳಿಗೆ ಬಾರದು ಎನ್ನುವ ಕೀರ್ತನೆ ಅದು. ನಮ್ಮ ಕುಟುಂಬದ ಗುಂಪಿನಲ್ಲಿ ಬೆಳಿಗ್ಗೆ ಆರಕ್ಕೆ ಆ ಕೀರ್ತನೆ ಬಂತು. ಒಂಬತ್ತಕ್ಕೆ ಚಿಕ್ಕಪ್ಪ ತೀರಿಕೊಂಡ ಸುದ್ದಿ ಬಂತು. ಕೆಲವು ವಾರಗಳ ನಂತರ ಚಿಕ್ಕಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ವಿಶ್ವಾಸದಲ್ಲಿ ಏನು ಕೊರತೆ ಇತ್ತು ಮಗಾ?’ ದಿನಕ್ಕೆರಡು ಸಲ ಮೊಣಕಾಲೂರುವ ಹೆಂಗಸು. ಆ ಪ್ರಶ್ನೆ ಅವರಿಗೆ ದುಃಖದಿಂದ ಬಂದದ್ದಲ್ಲ, ಓದಿನ ರೀತಿಯಿಂದ ಬಂದದ್ದು. ಕೀರ್ತನೆಯನ್ನು ಖಾತರಿ ಪತ್ರವೆಂದು ತಿಳಿದರೆ, ಖಾತರಿ ಸುಳ್ಳಾದಾಗ ತಪ್ಪು ಗ್ರಾಹಕನದೇ ಎಂದಾಗುತ್ತದೆ.

ಅವರಿಗೆ ನಾನು ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದು ತೋರಿಸಿದೆ. ಇಡೀ ಹೊಸ ಒಡಂಬಡಿಕೆಯಲ್ಲಿ ತೊಂಬತ್ತೊಂದನೆಯ ಕೀರ್ತನೆಯನ್ನು ಖಾತರಿ ಪತ್ರವೆಂಬಂತೆ ಎತ್ತಿ ಹೇಳುವವನು ಸೈತಾನ. ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಉಲ್ಲೇಖ ಸರಿಯಾಗಿಯೇ ಇದೆ, ಹನ್ನೊಂದು ಮತ್ತು ಹನ್ನೆರಡನೆಯ ವಚನ. ಹದಿಮೂರಕ್ಕೆ ಹೋಗುವುದಿಲ್ಲ, ಅಲ್ಲಿ ಸರ್ಪವನ್ನು ತುಳಿಯುವ ಮಾತಿದೆ, ಅವನಿಗೆ ಅನುಕೂಲವಲ್ಲ. ಯೇಸು ಆ ಕೀರ್ತನೆ ಸುಳ್ಳೆಂದು ಹೇಳುವುದಿಲ್ಲ. ದೇವರನ್ನು ಪರೀಕ್ಷಿಸಬಾರದೆಂದು ಧರ್ಮೋಪದೇಶಕಾಂಡದ ಇನ್ನೊಂದು ಮಾತನ್ನು ಅದರ ಪಕ್ಕದಲ್ಲಿಡುತ್ತಾನೆ. ಒಂದು ವಚನವನ್ನು ಇನ್ನೊಂದರ ಜೊತೆಗಿಟ್ಟು ಓದುವ ಪಾಠ ಅಲ್ಲಿಯೇ ಇದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಾನು ದೇವರ ಹತ್ತಿರ ಜಗಳ ಆಡಬಹುದಾ?’ ಎಂದರು.

ಆಡಬಹುದು. ಅದಕ್ಕೆ ಬೇಕಾದ ಮಾತುಗಳೂ ಸತ್ಯವೇದದಲ್ಲೇ ಇವೆ. ನೂರೈವತ್ತು ಕೀರ್ತನೆಗಳನ್ನು ಅವುಗಳ ಬಗೆಗೆ ತಕ್ಕಂತೆ ವಿಂಗಡಿಸಿದರೆ ಅತಿ ಹೆಚ್ಚು ಸಿಗುವುದು ಸ್ತುತಿಗಳಲ್ಲ, ಗೋಳಾಟದ ಪ್ರಾರ್ಥನೆಗಳು. ಅವುಗಳಲ್ಲಿ ಹದಿಮೂರನೆಯದು ಬರೀ ಆರು ವಚನ. ಮೊದಲು ಅದನ್ನೇ ಓದಬೇಕು. ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ?’ ಎಂಬ ಪ್ರಶ್ನೆ ನಾಲ್ಕು ಸಲ ಬಡಿಯುತ್ತದೆ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ? ಎಷ್ಟರವರೆಗೆ ಮುಖ ಮರೆಮಾಡುತ್ತೀ? ದೇವರಿಗೆ ನೆನಪಿನ ಶಕ್ತಿ ಇದೆಯೋ ಇಲ್ಲವೋ ಎಂಬಂಥ ಪ್ರಶ್ನೆ. ಮುಂದಿನ ಎರಡು ವಚನಗಳಲ್ಲಿ ಬೇಡಿಕೆ: ನನ್ನ ಕಣ್ಣುಗಳಿಗೆ ಬೆಳಕು ಕೊಡು, ಇಲ್ಲದಿದ್ದರೆ ಸಾಯುತ್ತೇನೆ. ಕೊನೆಯ ಎರಡರಲ್ಲಿ ಇದ್ದಕ್ಕಿದ್ದಂತೆ, ನಾನಾದರೋ ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ, ಹಾಡುತ್ತೇನೆ. ನಾಲ್ಕಕ್ಕೂ ಐದಕ್ಕೂ ನಡುವೆ ಏನಾಯಿತು? ಕಷ್ಟ ತೀರಿತೆಂದು ಎಲ್ಲೂ ಹೇಳಿಲ್ಲ. ದೇವಾಲಯದಲ್ಲಿ ಪ್ರಾರ್ಥಿಸುವವನಿಗೆ ಆ ಜಾಗದಲ್ಲಿ ಯಾಜಕನೊಬ್ಬ ಅಭಯದ ಮಾತು ಹೇಳುತ್ತಿದ್ದಿರಬೇಕು ಎಂದು ಜರ್ಮನ್ ವಿದ್ವಾಂಸ ಯೋವಾಖಿಮ್ ಬೇಗ್ರಿಖ್ 1934ರಲ್ಲಿ ವಾದಿಸಿದ. ಇರಬಹುದು. ಗೋಳು ಪೂರ್ತಿಯಾಗಿ ಹೊರಬಂದ ಮೇಲೇ ಭರವಸೆಗೆ ಜಾಗವಾಯಿತು ಎಂದೂ ಓದಬಹುದು. ನನಗೆ ಈ ಎರಡನೆಯದೇ ಹತ್ತಿರ.

ಎಲ್ಲ ಗೋಳೂ ಹೀಗೆ ತಿರುವು ಪಡೆಯುವುದಿಲ್ಲ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಹೀಬ್ರೂವಿನಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಅದಕ್ಕೊಂದು ಸಮಾಧಾನದ ಸಾಲು ಸೇರಿಸೋಣವೆಂದು ಗ್ರಂಥವನ್ನು ಕಟ್ಟಿದವರಿಗೆ ಅನಿಸಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಎಂಬುದೂ ಹೊಸ ಮಾತಲ್ಲ, ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು. ದೇವರನ್ನು ತರಾಟೆಗೆ ತೆಗೆದುಕೊಳ್ಳುವುದು ಅವಿಶ್ವಾಸವೆಂದು ನಮ್ಮ ಅನೇಕ ಪ್ರಸಂಗಪೀಠಗಳು ಕಲಿಸಿವೆ. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕನ್ನಡದ ಕಿವಿಗೆ ಇದರಲ್ಲಿ ಅಚ್ಚರಿಯೇನೂ ಇರಬಾರದು: ಇಲ್ಲದವನನ್ನು ಯಾರೂ ಬೈಯುವುದಿಲ್ಲ.

ಪ್ರಲಾಪಗಳು ಎಂಬ ಪುಟ್ಟ ಗ್ರಂಥವನ್ನೂ ಹೀಗೇ ಓದಬೇಕು. ಯೆರೂಸಲೇಮ್ ಎರಡನೆಯ ಸಲ ಬಿದ್ದು, ದೇವಾಲಯ ಸುಟ್ಟುಹೋದ ಮೇಲಿನ ಐದು ಶೋಕಗೀತೆಗಳು ಅದರಲ್ಲಿವೆ. ಕ್ರಿ.ಪೂ. 586ರ ಸುಮಾರಿನ ದುರಂತ ಅದು. ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರ. ಮೊದಲ ನಾಲ್ಕು ಗೀತೆಗಳು ಅಕ್ಷರಮಾಲೆಯ ಕ್ರಮದಲ್ಲೇ ಸಾಗುತ್ತವೆ, ನಾವು ಅ, ಆ, ಇ, ಈ ಎಂದು ಒಂದೊಂದು ನುಡಿ ಶುರುಮಾಡಿದ ಹಾಗೆ. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೆ ಮೂರು ಸಾಲು, ಒಟ್ಟು 66. ಎಲ್ಲವೂ ಕುಸಿದುಬಿದ್ದಾಗ ಕವಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಬಾಲ್ಯದಲ್ಲಿ ಕಲಿತ ಅಕ್ಷರಗಳ ಸಾಲು! ಆ ಸಾಲಿನಲ್ಲಿ ಎಂಟನೆಯ ಅಕ್ಷರ ‘ಹೇತ್’ ಬಂದಾಗ, ಅದೇ ಅಕ್ಷರದಿಂದ ಶುರುವಾಗುವ ‘ಹೆಸೆದ್’, ಅಂದರೆ ಕೃಪೆ, ಬಾಯಿಗೆ ಬರುತ್ತದೆ: ಯೆಹೋವನ ಕೃಪೆ ದಿನದಿನವೂ ಬೆಳಿಗ್ಗೆ ಹೊಸದಾಗುತ್ತದೆ. ಕಾರ್ಡುಗಳಲ್ಲಿ ಇದೂ ಬಹಳ ಜನಪ್ರಿಯ. ಆದರೆ ಗ್ರಂಥ ಅಲ್ಲಿಗೆ ನಿಲ್ಲುವುದಿಲ್ಲ. ನಾಲ್ಕನೆಯ ಗೀತೆ ಮತ್ತೆ ಹಸಿವಿಗೆ, ಬೀದಿಯಲ್ಲಿ ಬಿದ್ದ ಮಕ್ಕಳಿಗೆ ಮರಳುತ್ತದೆ. ಐದನೆಯದರಲ್ಲಿ 22 ವಚನಗಳಿವೆ, ಅಕ್ಷರಕ್ರಮ ಮಾತ್ರ ಇಲ್ಲ. ಅದರ ಕೊನೆಯ ವಚನ, ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟೆಯಾ ಎಂಬ ಸಂದೇಹ. ಯೆಹೂದ್ಯರು ದೇವಾಲಯ ನಾಶದ ದಿನ ಇದನ್ನು ಓದುವಾಗ ಅದರಲ್ಲೇ ಮುಗಿಸಲು ಮನಸ್ಸಾಗದೆ, ಹಿಂದಿನ ವಚನವನ್ನು ಮತ್ತೊಮ್ಮೆ ಓದಿ ನಿಲ್ಲಿಸುತ್ತಾರೆ: ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ.

ಹೊಸ ಒಡಂಬಡಿಕೆಯಲ್ಲೂ ಇಂಥ ಕತ್ತರಿ ಪ್ರಯೋಗ ನಡೆದಿದೆ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ವಚನ ಜಿಮ್ಮಿನ ಗೋಡೆಯನ್ನೂ ಏರಿದೆ. ಅದು ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ್ದು. ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ, ಆ ಸಭೆಯವರು ಕಳುಹಿಸಿದ ಹಣಕ್ಕೆ ಧನ್ಯವಾದ ಹೇಳುತ್ತ. ಅದರ ಹಿಂದಿನ ಸಾಲಿನಲ್ಲಿ ಆ ‘ಎಲ್ಲ’ ಏನೆಂದು ಅವನೇ ಹೇಳಿದ್ದಾನೆ: ಹೊಟ್ಟೆ ತುಂಬಿರುವುದು, ಹಸಿದಿರುವುದು.

ಹಾಗಾದರೆ ಕೈಯಲ್ಲಿರುವ ಕಾರ್ಡನ್ನು ಏನು ಮಾಡುವುದು? ನಾನು ಮಾಡುವುದು ಇಷ್ಟೇ. ಮನೆಗೆ ಬಂದು ಆ ಅಧ್ಯಾಯವನ್ನು ಪೂರ್ತಿ ಓದುತ್ತೇನೆ, ಸಾಧ್ಯವಾದರೆ ಹಿಂದಿನದನ್ನೂ. ಯಾರು, ಯಾರಿಗೆ, ಯಾವ ಸಂಕಟದಲ್ಲಿ ಹೇಳಿದ್ದು ಎಂದು ಹುಡುಕುತ್ತೇನೆ. ‘ನೀನು’ ಇದೆಯೋ ‘ನೀವು’ ಇದೆಯೋ ನೋಡುತ್ತೇನೆ. ನನಗೆ ಹಿಡಿಸದ ವಚನ ಪಕ್ಕದಲ್ಲಿದ್ದರೆ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅರ್ಧ ಗಂಟೆಯ ಕೆಲಸ.

ಯೆರೆಮೀಯನ ಗ್ರಂಥದಲ್ಲಿ ಪತ್ರಕ್ಕಿಂತ ಮೂರು ಅಧ್ಯಾಯ ಮುಂದೆ ಹೋದರೆ, 32ರಲ್ಲಿ, ಅವನೇ ತನ್ನ ಮಾತಿಗೆ ಸಿಕ್ಕಿಬೀಳುತ್ತಾನೆ. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ. ಸೋಲು ಖಚಿತವೆಂದು ಹೇಳಿದ್ದಕ್ಕಾಗಿ ಅರಸ ಅವನನ್ನು ಕಾವಲಿನವರ ಅಂಗಳದಲ್ಲಿ ಸೆರೆ ಇಟ್ಟಿದ್ದಾನೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ, ಹಕ್ಕು ನಿನ್ನದು ಎನ್ನುತ್ತಾನೆ. ಶತ್ರುಗಳ ಸೈನ್ಯ ಬೀಡುಬಿಟ್ಟ ಸೀಮೆಯ ಜಮೀನು! ಯೆರೆಮೀಯ ಕೊಳ್ಳುತ್ತಾನೆ. ಬೆಲೆ 17 ಶೆಕೆಲ್ ಬೆಳ್ಳಿ. ಕ್ರಯಪತ್ರ ಬರೆದು ರುಜು ಹಾಕುತ್ತಾನೆ, ಸಾಕ್ಷಿಗಳ ಸಹಿ ಪಡೆಯುತ್ತಾನೆ, ತಕ್ಕಡಿಯಲ್ಲಿ ಬೆಳ್ಳಿ ತೂಗುತ್ತಾನೆ. ಮುದ್ರೆ ಹಾಕಿದ್ದೊಂದು, ತೆರೆದದ್ದೊಂದು, ಎರಡು ಪ್ರತಿ. ಉಪನೋಂದಣಾಧಿಕಾರಿಯ ಕಚೇರಿಯ ಬಾಗಿಲಲ್ಲಿ ಒಂದು ದಿನ ಕಳೆದವರಿಗೆ ಈ ಅಧ್ಯಾಯ ತೀರಾ ಪರಿಚಿತ ಎನಿಸುತ್ತದೆ. ಎರಡೂ ಪತ್ರಗಳನ್ನು ಲೇಖಕ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಎನ್ನುತ್ತಾನೆ.

ಬಾರೂಕ ಗಡಿಗೆ ಹಿಡಿದು ಹೊರಟ ಮೇಲೆ ಯೆರೆಮೀಯ ಪ್ರಾರ್ಥನೆಗೆ ನಿಲ್ಲುತ್ತಾನೆ. ಆಕಾಶ ಭೂಮಿಗಳ ಸೃಷ್ಟಿಯಿಂದ ಶುರುವಾಗುವ ಉದ್ದನೆಯ ಪ್ರಾರ್ಥನೆ. ಅದು ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುವುದು ಒಂದು ಗೊಂದಲದಲ್ಲಿ: ನೋಡು, ಪಟ್ಟಣ ಹಿಡಿಯಲು ದಿಬ್ಬಗಳು ಎದ್ದಿವೆ; ಊರು ಕಲ್ದೀಯರ (ಬಾಬೆಲಿನವರ) ಕೈಗೆ ಸಿಕ್ಕಿದೆ; ಆದರೂ ನೀನು ನನಗೆ ಹೊಲ ಕೊಂಡುಕೋ, ಸಾಕ್ಷಿಗಳನ್ನು ಕರೆ ಎಂದೆಯಲ್ಲ?